ಹಿಂದಕ್ಕೆ ಓಡಲು ಕಲಿಸಿದ ಗುರು: ಫಾದರ್ ಡೇವಿಡ್ ಬಾವರ್

ಹಾಕಿ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಹಸಿರು ಮೈದಾನ, ಹನ್ನೊಂದು ಮಂದಿಯ ತಂಡ, ಬಿಳಿ ಚೆಂಡು. ಕೆನಡಾ ದೇಶದಲ್ಲಿ ಇದೇ ಮಾತು ಹೇಳಿದರೆ ಜನರು ನೆನೆಯುವುದು ಬೇರೊಂದು ಆಟವನ್ನು. ಅಲ್ಲಿ ಹಾಕಿ ಎಂದರೆ ಮಂಜುಗಡ್ಡೆಯ ಮೇಲಿನ ಆಟ. ನಮ್ಮ ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ಇಂದು ಟೊರಾಂಟೊ, ವ್ಯಾಂಕೂವರ್ ಕಡೆ ನೆಲೆಸಿರುವುದರಿಂದ ಈ ಆಟದ ಹೆಸರು ನಮಗೆ ತೀರ ಹೊಸತೇನೂ ಅಲ್ಲ. ಆದರೆ ಆ ದೇಶದ ಹಾಕಿ ಚರಿತ್ರೆಯಲ್ಲಿ ಒಬ್ಬ ಕಥೋಲಿಕ ಧರ್ಮಗುರುವಿಗೆ ದೊಡ್ಡ ಸ್ಥಾನವಿದೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿರಲಿಕ್ಕಿಲ್ಲ. 1924ರಲ್ಲಿ ಹುಟ್ಟಿ 1988ರಲ್ಲಿ ತೀರಿಕೊಂಡ ಫಾದರ್ ಡೇವಿಡ್ ಬಾವರ್ ಅವರೇ ಆ ಗುರುಗಳು. ಅವರ ಬದುಕನ್ನು ಇಂದು ನಾವು ಒಂದು ಪ್ರಶ್ನೆಯ ಮೂಲಕ ನೋಡಬಯಸುತ್ತೇವೆ. ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುವವನು ತನ್ನ ತಂಡಕ್ಕೆ ಏನನ್ನು ಕೊಡಬೇಕು? ಗೋಲು ಹೊಡೆದರೆ ಸಾಕೇ? ಅಥವಾ ಎದುರಾಳಿ ಮುನ್ನುಗ್ಗಿ ಬಂದಾಗ ಹಿಂದಕ್ಕೆ ಓಡಿ ಬಂದು ತನ್ನ ಗೋಲನ್ನೂ ಕಾಯಬೇಕೇ?

ಈ ಪ್ರಶ್ನೆ ಅರ್ಥವಾಗಬೇಕಾದರೆ ಆಟದ ಬಗ್ಗೆ ಎರಡು ಮಾತು ಹೇಳಬೇಕು. ಐಸ್ ಹಾಕಿಯಲ್ಲಿ ಒಂದು ತಂಡದಿಂದ ಒಂದು ಸಲಕ್ಕೆ ಆರು ಮಂದಿ ಆಡುತ್ತಾರೆ. ಮೂವರು ಮುಂದಿನ ಆಟಗಾರರು, ಇಬ್ಬರು ರಕ್ಷಣಾ ಆಟಗಾರರು, ಒಬ್ಬ ಗೋಲ್‌ಕೀಪರ್. ಚೆಂಡಿನ ಬದಲು ಗಟ್ಟಿ ರಬ್ಬರಿನ ಚಪ್ಪಟೆಯಾದ ಬಿಲ್ಲೆ ಇರುತ್ತದೆ. ಅದಕ್ಕೆ ಪಕ್ ಎನ್ನುತ್ತಾರೆ. ತಲಾ 20 ನಿಮಿಷಗಳ ಮೂರು ಅವಧಿ. ಕಾಲಿಗೆ ಸ್ಕೇಟ್ಸ್ ಕಟ್ಟಿಕೊಂಡವರ ಆಟವಾದ್ದರಿಂದ ವೇಗ ವಿಪರೀತ. ಈ ಕ್ಷಣ ಎದುರಾಳಿಯ ಗೋಲಿನ ಮುಂದಿದ್ದ ಪಕ್ ನಾಲ್ಕೈದು ಸೆಕೆಂಡುಗಳಲ್ಲಿ ನಮ್ಮ ಗೋಲಿನ ಮುಂದಿರುತ್ತದೆ. ಆಗ ಮುಂದಿನ ಮೂವರು ಹಿಂದಕ್ಕೆ ಬಾರದಿದ್ದರೆ ಹಿಂದಿನ ಇಬ್ಬರು ಎಷ್ಟು ಜನರನ್ನು ತಡೆದಾರು?

ಇನ್ನೊಂದು ವಿಷಯವೂ ಇದೆ. ಕೋಪದಲ್ಲಿ ಎದುರಾಳಿಯನ್ನು ಹೊಡೆದವನನ್ನು, ಅಡ್ಡಗಟ್ಟಿ ಬೀಳಿಸಿದವನನ್ನು ರೆಫರಿ ಹೊರಗೆ ಕೂರಿಸುತ್ತಾರೆ. ಸಣ್ಣ ತಪ್ಪಿಗೆ ಎರಡು ನಿಮಿಷ, ದೊಡ್ಡದಕ್ಕೆ ಇನ್ನೂ ಹೆಚ್ಚು. ಅಷ್ಟು ಹೊತ್ತು ಅವನ ತಂಡ ಒಬ್ಬ ಕಡಿಮೆಯಾಗಿಯೇ ಆಡಬೇಕು. ಒಬ್ಬನ ಸಿಟ್ಟಿಗೆ ಉಳಿದ ಐವರು ಬೆಲೆ ತೆರುತ್ತಾರೆ. ಆದ್ದರಿಂದ ಈ ಆಟದಲ್ಲಿ ತಾಳ್ಮೆ ಎನ್ನುವುದು ಒಳ್ಳೆಯ ಗುಣ ಮಾತ್ರವಲ್ಲ, ಗೋಲು ಕಾಯುವ ಕೆಲಸದ ಒಂದು ಭಾಗವೂ ಹೌದು. ಫಾದರ್ ಬಾವರ್ ಅವರ ಬದುಕಿನಲ್ಲಿ ಈ ಎರಡೂ ಸಂಗತಿಗಳು ಮತ್ತೆ ಮತ್ತೆ ಎದುರಾಗುತ್ತವೆ.

ಅಣ್ಣನ ದಾರಿ

ಡೇವಿಡ್ ಬಾವರ್ ಹುಟ್ಟಿದ್ದು 1924ರ ನವೆಂಬರ್ 2ರಂದು, ಒಂಟಾರಿಯೊ ಪ್ರಾಂತ್ಯದ ಕಿಚನರ್-ವಾಟರ್‌ಲೂ ಎಂಬ ಅವಳಿ ಪಟ್ಟಣಗಳ ಪರಿಸರದಲ್ಲಿ. ಜರ್ಮನ್ ಮೂಲದ ಜನರು ಹೆಚ್ಚಾಗಿ ನೆಲೆಸಿದ್ದ ಊರು ಅದು. ಮನೆತುಂಬ ಮಕ್ಕಳಿದ್ದ ಕಥೋಲಿಕ ಕುಟುಂಬ. ಚಳಿಗಾಲ ಬಂತೆಂದರೆ ಅಲ್ಲಿನ ಹುಡುಗರಿಗೆಲ್ಲ ಹಾಕಿಯ ಹುಚ್ಚು.

ಈ ಮನೆಯ ಒಬ್ಬ ಮಗ ಆಗಲೇ ದೇಶಕ್ಕೆಲ್ಲ ಹೆಸರಾಗಿದ್ದ. ಡೇವಿಡ್‌ನ ಅಣ್ಣ ಬಾಬಿ ಬಾವರ್, ಬೋಸ್ಟನ್ ಬ್ರುಯಿನ್ಸ್ ಎಂಬ ವೃತ್ತಿಪರ ತಂಡದ ಆಟಗಾರ. ಬಾಬಿ, ಮಿಲ್ಟ್ ಷ್ಮಿಟ್, ವುಡಿ ಡುಮಾರ್ಟ್ ಈ ಮೂವರೂ ಕಿಚನರ್ ಕಡೆಯ ಹುಡುಗರು. ಮುಂದಿನ ಸಾಲಿನಲ್ಲಿ ಒಟ್ಟಾಗಿ ಆಡುತ್ತಿದ್ದರು. 1939-40ರ ಋತುವಿನಲ್ಲಿ ನ್ಯಾಷನಲ್ ಹಾಕಿ ಲೀಗಿನ ಅಂಕಪಟ್ಟಿಯ ಮೊದಲ ಮೂರು ಸ್ಥಾನಗಳನ್ನು ಈ ಮೂವರೇ ಹಂಚಿಕೊಂಡಿದ್ದರು. ಬ್ರುಯಿನ್ಸ್ ತಂಡ 1939 ಮತ್ತು 1941ರಲ್ಲಿ ಸ್ಟಾನ್ಲಿ ಕಪ್ ಗೆದ್ದಿತು. ಯುದ್ಧ ಬಂದಾಗ ಮೂವರೂ ಒಟ್ಟಿಗೇ ಕೆನಡಾದ ವಾಯುಪಡೆಗೆ ಸೇರಿದರು.

ನಮಗೆ ಇಲ್ಲಿ ಮುಖ್ಯವಾಗುವುದು ಇನ್ನೊಂದು ಸಂಗತಿ. ಒಳ್ಳೆಯ ಆಟದ ಜೊತೆ ಸಭ್ಯ ನಡತೆಯನ್ನೂ ತೋರಿದ ಆಟಗಾರನಿಗೆ ಆ ಲೀಗಿನಲ್ಲಿ ಲೇಡಿ ಬಿಂಗ್ ಟ್ರೋಫಿ ಎಂಬ ಪ್ರಶಸ್ತಿಯನ್ನು ಪ್ರತಿ ವರ್ಷ ಕೊಡುತ್ತಾರೆ. ಬಾಬಿ ಬಾವರ್ ಅದನ್ನು 1940, 1941 ಮತ್ತು 1947ರಲ್ಲಿ, ಹೀಗೆ ಮೂರು ಸಲ ಪಡೆದರು. ಚೆನ್ನಾಗಿ ಆಡುವುದಕ್ಕೂ ಕೈ ಬಿಗಿಹಿಡಿಯುವುದಕ್ಕೂ ವಿರೋಧವಿಲ್ಲ ಎಂಬುದನ್ನು ತಮ್ಮ ಡೇವಿಡ್ ಮನೆಯಲ್ಲೇ ಕಂಡಿದ್ದ.

ಕಪ್ ಗೆದ್ದವನು ಸೆಮಿನರಿಗೆ

ಡೇವಿಡ್ ಟೊರಾಂಟೊ ನಗರದ ಸೇಂಟ್ ಮೈಕಲ್ಸ್ ಕಾಲೇಜು ಶಾಲೆಗೆ ಓದಲು ಹೋದರು. ಸಂತ ಬೆಸಿಲರ ಸಭೆಯ ಗುರುಗಳು ನಡೆಸುತ್ತಿದ್ದ ಸಂಸ್ಥೆ ಅದು. 1822ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಈ ಸಭೆಯ ಮುಖ್ಯ ಸೇವೆ ಶಿಕ್ಷಣ. ಆ ಶಾಲೆಯ ಹಾಕಿ ತಂಡ ಇಡೀ ಕೆನಡಾದಲ್ಲಿ ಹೆಸರುವಾಸಿ. ನಮ್ಮಲ್ಲಿ ಕೆಲವು ಶಾಲೆಗಳು ಫುಟ್ಬಾಲಿಗೋ ಅಥ್ಲೆಟಿಕ್ಸಿಗೋ ಹೆಸರಾದಂತೆ ಆ ಶಾಲೆ ಹಾಕಿಗೆ ಹೆಸರಾಗಿತ್ತು. ಅಲ್ಲಿಂದ ಹೊರಟ ಎಷ್ಟೋ ಹುಡುಗರು ವೃತ್ತಿಪರ ಲೀಗಿನ ತಾರೆಗಳಾದರು. ಡೇವಿಡ್ ಆ ತಂಡದ ನಾಯಕನೂ ಆದರು.

ಕೆನಡಾದ ಜೂನಿಯರ್ ಹಾಕಿಯಲ್ಲಿ ಮೆಮೋರಿಯಲ್ ಕಪ್ ಎಲ್ಲಕ್ಕಿಂತ ದೊಡ್ಡದು. 1944ರಲ್ಲಿ ಓಷಾವಾ ಜನರಲ್ಸ್ ತಂಡ ಈ ಕಪ್ಪಿಗಾಗಿ ಆಡುವಾಗ ಸೇಂಟ್ ಮೈಕಲ್ಸ್ ತಂಡದ ಡೇವಿಡ್ ಅವರನ್ನೂ ಸೇರಿಸಿಕೊಂಡಿತು. ಕಪ್ ಬಂತು. ಇಪ್ಪತ್ತರ ಹೊಸ್ತಿಲಲ್ಲಿದ್ದ ಹುಡುಗ, ಅಣ್ಣ ದೊಡ್ಡ ಆಟಗಾರ, ಕೈಯಲ್ಲಿ ಮೆಮೋರಿಯಲ್ ಕಪ್. ವೃತ್ತಿಪರ ಹಾಕಿಯ ಬಾಗಿಲು ಅವರ ಮುಂದೆ ತೆರೆದೇ ಇತ್ತು.

ಮಹಾಯುದ್ಧದ ಕೊನೆಯ ದಿನಗಳಲ್ಲಿ ಅವರು ಸೈನ್ಯದಲ್ಲಿಯೂ ಸ್ವಲ್ಪ ಕಾಲ ಇದ್ದರು. ಯುದ್ಧ ಮುಗಿದ ಬಳಿಕ ಅವರು ಆರಿಸಿಕೊಂಡದ್ದು ತಮಗೆ ಪಾಠ ಹೇಳಿದ ಬೆಸಿಲಿಯನ್ ಗುರುಗಳ ಸಭೆಯನ್ನು. ಹಲವು ವರ್ಷಗಳ ಅಧ್ಯಯನದ ನಂತರ 1953ರಲ್ಲಿ ಅವರಿಗೆ ಗುರುದೀಕ್ಷೆಯಾಯಿತು. ಸಭೆ ಅವರನ್ನು ಕಳುಹಿಸಿದ್ದು ಹಳೆಯ ಸೇಂಟ್ ಮೈಕಲ್ಸ್ ಶಾಲೆಗೇ. ಪಾಠ ಹೇಳುವುದರ ಜೊತೆಗೆ ಹಾಕಿ ತಂಡದ ಹೊಣೆಯೂ ಹೆಗಲಿಗೆ ಬಂತು. ಬಿಟ್ಟು ಬಂದೆ ಎಂದುಕೊಂಡ ಆಟ ಮತ್ತೆ ಅವರ ಸೇವೆಯ ದಾರಿಯಾಗಿ ತಿರುಗಿ ಬಂದಿತ್ತು.

ಗೋಲು ಹೊಡೆಯುವ ಹುಡುಗನಿಗೆ ಕಾಯುವ ಪಾಠ

1956ರಲ್ಲಿ ಕ್ವಿಬೆಕ್ ಪ್ರಾಂತ್ಯದ ಗಣಿ ಪಟ್ಟಣವಾದ ನೊರಾಂಡಾದಿಂದ ಒಬ್ಬ ಹುಡುಗ ಸೇಂಟ್ ಮೈಕಲ್ಸ್‌ಗೆ ಬಂದ. ಹೆಸರು ಡೇವ್ ಕಿಯಾನ್. ಆಳು ದೊಡ್ಡವನಲ್ಲ, ಆದರೆ ಸ್ಕೇಟಿಂಗಿನಲ್ಲಿ ಮಿಂಚು. ಗೋಲು ಹೊಡೆಯುವ ಕೈಚಳಕ ಹುಟ್ಟಿನಿಂದಲೇ ಬಂದಂತಿತ್ತು. ಇಂಥ ಹುಡುಗ ತಂಡಕ್ಕೆ ಸಿಕ್ಕಿದರೆ ಹೆಚ್ಚಿನ ತರಬೇತುದಾರರು ಅವನನ್ನು ಮುಂದೆಯೇ ಇರಲು ಬಿಟ್ಟುಬಿಡುತ್ತಾರೆ. ಗೋಲು ಹೊಡೆದರೆ ಸಾಕು, ಹಿಂದಿನದನ್ನು ಉಳಿದವರು ನೋಡಿಕೊಳ್ಳುತ್ತಾರೆ ಎಂಬ ಲೆಕ್ಕ.

ಫಾದರ್ ಬಾವರ್ ಹಾಗೆ ಮಾಡಲಿಲ್ಲ. ಅವರ ಜೊತೆ ತರಬೇತುದಾರರಾಗಿದ್ದ ಬಾಬ್ ಗೋಲ್ಡಮ್ ಹಿಂದೆ ವೃತ್ತಿಪರ ಲೀಗಿನಲ್ಲಿ ರಕ್ಷಣಾ ಆಟಗಾರನಾಗಿ ಆಡಿದವರು. ಇಬ್ಬರೂ ಸೇರಿ ಕಿಯಾನ್‌ಗೆ ಆಟದ ಇನ್ನೊಂದು ಅರ್ಧವನ್ನು ಕಲಿಸಿದರು. ಪಕ್ ಕೈತಪ್ಪಿದ ಕೂಡಲೇ ತಿರುಗಿ ಎದುರಾಳಿಯ ಬೆನ್ನು ಹಿಡಿಯುವುದು, ಅವನನ್ನು ಬೀಳಿಸದೆ ಕೋಲಿನ ತುದಿಯಿಂದ ಪಕ್ ಕಸಿಯುವುದು, ಅವನು ಸಾಗಬೇಕಾದ ದಾರಿಯಲ್ಲಿ ತಾನು ಮೊದಲೇ ನಿಂತಿರುವುದು. ಇದು ಚಪ್ಪಾಳೆ ಸಿಗುವ ಕೆಲಸವಲ್ಲ. ಅಂಕಪಟ್ಟಿಯಲ್ಲಿ ಇದಕ್ಕೆ ಕಾಲಮ್ಮೇ ಇಲ್ಲ.

ಈ ಪಾಠದ ಫಲವನ್ನು ಕೆನಡಾ ಮುಂದಿನ ಇಪ್ಪತ್ತು ವರ್ಷ ಕಂಡಿತು. ಕಿಯಾನ್ 1960ರಲ್ಲಿ ಟೊರಾಂಟೊ ಮೇಪಲ್ ಲೀಫ್ಸ್ ತಂಡ ಸೇರಿದರು. ಆ ತಂಡ 1962, 1963, 1964 ಮತ್ತು 1967ರಲ್ಲಿ ಸ್ಟಾನ್ಲಿ ಕಪ್ ಗೆದ್ದಾಗ ಅವರು ಅದರ ಪ್ರಮುಖ ಆಟಗಾರ. ಎದುರಾಳಿ ತಂಡದ ಅತ್ಯುತ್ತಮ ಆಟಗಾರನನ್ನು ತಡೆಯುವ ಹೊಣೆ ಅವರದೇ. 1967ರ ಕಪ್ ಪಂದ್ಯಗಳಲ್ಲಿ ಅವರು ಹೊಡೆದದ್ದು ಮೂರೇ ಗೋಲು. ಆದರೂ ಆ ಕಪ್ ಪಂದ್ಯಗಳ ಶ್ರೇಷ್ಠ ಆಟಗಾರನಿಗೆ ಸಲ್ಲುವ ಕಾನ್ ಸ್ಮಿತ್ ಟ್ರೋಫಿ ಅವರಿಗೇ ಬಂತು. ಹೊಡೆದ ಗೋಲಿಗಿಂತ ತಡೆದ ಗೋಲು ದೊಡ್ಡದೆಂದು ತೀರ್ಪುಗಾರರು ಕಂಡುಕೊಂಡಿದ್ದರು.

ಇನ್ನೊಂದು ಲೆಕ್ಕವನ್ನೂ ನಾವು ಗಮನಿಸಬೇಕು. ಆ ಲೀಗಿನಲ್ಲಿ ಕಿಯಾನ್ ಆಡಿದ್ದು 1,296 ಪಂದ್ಯ. ಅಷ್ಟೂ ಪಂದ್ಯಗಳಲ್ಲಿ ಸೇರಿ ಅವರು ದಂಡನೆಗಾಗಿ ಹೊರಗೆ ಕುಳಿತದ್ದು 117 ನಿಮಿಷ ಮಾತ್ರ. ಪಂದ್ಯವೊಂದಕ್ಕೆ ಆರು ಸೆಕೆಂಡೂ ಇಲ್ಲ! ಎದುರಾಳಿಗಳ ಬೆನ್ನು ಹತ್ತಿ ತಡೆಯುವುದೇ ಕೆಲಸವಾದವನು ಇಷ್ಟು ಕಡಿಮೆ ತಪ್ಪು ಮಾಡಿದ್ದು ಅಪರೂಪ. ಬಾಬಿ ಬಾವರ್ ಪಡೆದಿದ್ದ ಲೇಡಿ ಬಿಂಗ್ ಟ್ರೋಫಿಯನ್ನು ಕಿಯಾನ್ ಕೂಡ 1962 ಮತ್ತು 1963ರಲ್ಲಿ ಪಡೆದರು.

1961ರ ಕಪ್, ನಂತರದ ತೀರ್ಮಾನ

ಕಿಯಾನ್ ಹೋದ ಮರುವರ್ಷ ಸೇಂಟ್ ಮೈಕಲ್ಸ್ ತಂಡದ ಗೋಲಿನಲ್ಲಿ ನಿಂತಿದ್ದವನು ಜೆರಿ ಚೀವರ್ಸ್ ಎಂಬ ಹುಡುಗ. ಮುಂದೆ ಬೋಸ್ಟನ್ ಬ್ರುಯಿನ್ಸ್ ಪರವಾಗಿ 1970 ಮತ್ತು 1972ರಲ್ಲಿ ಸ್ಟಾನ್ಲಿ ಕಪ್ ಗೆದ್ದ ಪ್ರಸಿದ್ಧ ಗೋಲ್‌ಕೀಪರ್ ಇವರೇ. 1960-61ರ ಋತುವಿನಲ್ಲಿ ಫಾದರ್ ಬಾವರ್ ಒಂದು ವಿಚಿತ್ರ ಕೆಲಸ ಮಾಡಿದರು. ಈ ಗೋಲ್‌ಕೀಪರ್‌ನನ್ನು ಗೋಲಿನಿಂದ ಹೊರಗೆ ತಂದು ಕೆಲವು ಪಂದ್ಯಗಳಲ್ಲಿ ಎಡಬದಿಯ ಮುಂದಿನ ಆಟಗಾರನಾಗಿ ಆಡಿಸಿದರು. ಒಬ್ಬನ ಕೆಲಸವನ್ನು ಇನ್ನೊಬ್ಬ ಮಾಡಿ ನೋಡಿದಾಗ ಮಾತ್ರ ಅದರ ಕಷ್ಟ ತಿಳಿಯುತ್ತದೆ. ನಮ್ಮ ಸೆಮಿನರಿಗಳಲ್ಲಿ ಅಡುಗೆಮನೆ, ತೋಟ, ಕಸಗುಡಿಸುವ ಕೆಲಸಗಳನ್ನು ಸರದಿಯಂತೆ ಎಲ್ಲರಿಗೂ ಹಂಚುವುದರಲ್ಲಿ ಇದೇ ತಿಳಿವಳಿಕೆ ಇದೆ.

ಆ ವರ್ಷ ಸೇಂಟ್ ಮೈಕಲ್ಸ್ ತಂಡ ಎಡ್ಮಂಟನ್ ಆಯಿಲ್ ಕಿಂಗ್ಸ್ ತಂಡವನ್ನು ನಾಲ್ಕು ಪಂದ್ಯಗಳಲ್ಲಿ ಸೋಲಿಸಿ, ಎರಡರಲ್ಲಿ ಸೋತು ಮೆಮೋರಿಯಲ್ ಕಪ್ ಗೆದ್ದಿತು. ಆಟಗಾರನಾಗಿ 1944ರಲ್ಲಿ ಗೆದ್ದ ಕಪ್ಪನ್ನು ತರಬೇತುದಾರನಾಗಿ 1961ರಲ್ಲಿ ಮತ್ತೆ ಗೆದ್ದ ಸಂತೋಷ ಫಾದರ್ ಬಾವರ್ ಅವರದು.

ಗೆದ್ದ ಮೇಲೆ ಸಾಮಾನ್ಯವಾಗಿ ಯಾರೂ ಹಿಂದೆ ಸರಿಯುವುದಿಲ್ಲ. ಆದರೆ ಸೇಂಟ್ ಮೈಕಲ್ಸ್ ಅದನ್ನೇ ಮಾಡಿತು. ಆ ಲೀಗಿನ ಪಂದ್ಯಗಳ ಸಂಖ್ಯೆ, ಊರಿಂದೂರಿಗೆ ಪ್ರಯಾಣ, ಒರಟುತನ ಇವು ಹುಡುಗರ ಓದಿಗೆ ಅಡ್ಡಿಯಾಗುತ್ತಿವೆ ಎಂದು ಕಂಡುಕೊಂಡ ಬೆಸಿಲಿಯನ್ ಗುರುಗಳು ಕಪ್ ಕೈಯಲ್ಲಿರುವಾಗಲೇ ಆ ಲೀಗಿನಿಂದ ಹೊರಬಂದರು. ಓದೂ ಆಟವೂ ಒಟ್ಟಿಗೆ ಸಾಗಬೇಕು ಎಂಬುದು ಫಾದರ್ ಬಾವರ್ ಅವರ ದೃಢ ನಿಲುವು. ಹದಿನೆಂಟರ ಹುಡುಗನನ್ನು ಗೋಲು ಹೊಡೆಯುವ ಯಂತ್ರವಾಗಿ ಬಳಸಿ, ಮೊಣಕಾಲು ಕೆಟ್ಟ ಮೇಲೆ ಕೈಬಿಡುವ ವ್ಯವಸ್ಥೆ ಅವರಿಗೆ ಒಪ್ಪಿಗೆಯಾಗಲಿಲ್ಲ.

ದೇಶಕ್ಕೊಂದು ತಂಡ

1961ರಲ್ಲಿ ಸಭೆ ಅವರನ್ನು ಪಶ್ಚಿಮ ತೀರದ ವ್ಯಾಂಕೂವರ್‌ಗೆ, ಬ್ರಿಟಿಷ್ ಕೊಲಂಬಿಯ ವಿಶ್ವವಿದ್ಯಾಲಯದ ಸೇಂಟ್ ಮಾರ್ಕ್ಸ್ ಕಾಲೇಜಿಗೆ ಕಳುಹಿಸಿತು. ಅಲ್ಲಿಯೂ ಅವರು ವಿಶ್ವವಿದ್ಯಾಲಯದ ತಂಡಕ್ಕೆ ತರಬೇತುದಾರರಾದರು.

ಆಗ ಒಲಿಂಪಿಕ್ಸ್‌ನಲ್ಲಿ ವೃತ್ತಿಪರರಿಗೆ ಪ್ರವೇಶವಿರಲಿಲ್ಲ. ಕೆನಡಾದ ಶ್ರೇಷ್ಠ ಆಟಗಾರರೆಲ್ಲ ವೃತ್ತಿಪರರು. ಆದ್ದರಿಂದ ಆ ದೇಶ ಹವ್ಯಾಸಿ ಕ್ಲಬ್ ತಂಡಗಳಲ್ಲಿ ಒಂದನ್ನು ಆರಿಸಿ ಕಳುಹಿಸುತ್ತಿತ್ತು. ಫಾದರ್ ಬಾವರ್ ಅವರ ಅಣ್ಣ ಬಾಬಿ ತರಬೇತು ನೀಡಿದ ಕಿಚನರ್-ವಾಟರ್‌ಲೂ ಕ್ಲಬ್ 1956ರಲ್ಲಿ ಕಂಚು, 1960ರಲ್ಲಿ ಬೆಳ್ಳಿ ತಂದಿತ್ತು. 1961ರಲ್ಲಿ ಟ್ರೇಲ್ ಎಂಬ ಸಣ್ಣ ಊರಿನ ಕ್ಲಬ್ ವಿಶ್ವ ಚಾಂಪಿಯನ್ ಆಗಿತ್ತು. ಆದರೆ ಅಷ್ಟರಲ್ಲಿ ಸೋವಿಯತ್ ಒಕ್ಕೂಟ, ಚೆಕೊಸ್ಲೊವಾಕಿಯ, ಸ್ವೀಡನ್ ದೇಶಗಳು ವರ್ಷವಿಡೀ ಒಟ್ಟಿಗೆ ಅಭ್ಯಾಸ ಮಾಡುವ ರಾಷ್ಟ್ರೀಯ ತಂಡಗಳನ್ನು ಕಟ್ಟಿದ್ದವು. ಒಂದು ಊರಿನ ಕ್ಲಬ್ ಅವುಗಳೆದುರು ಇನ್ನೆಷ್ಟು ದಿನ ನಿಂತೀತು?

1962ರಲ್ಲಿ ಫಾದರ್ ಬಾವರ್ ಕೆನಡಾದ ಹವ್ಯಾಸಿ ಹಾಕಿ ಸಂಸ್ಥೆಯ ಮುಂದೆ ಒಂದು ಯೋಜನೆ ಇಟ್ಟರು. ವಿಶ್ವವಿದ್ಯಾಲಯದಲ್ಲಿ ಓದುವ ಹುಡುಗರನ್ನು ದೇಶದ ಎಲ್ಲ ಕಡೆಯಿಂದ ಆರಿಸಿ, ಒಂದೆಡೆ ಇರಿಸಿ, ಓದಿನೊಂದಿಗೆ ಆಡಿಸಿ ಒಂದು ರಾಷ್ಟ್ರೀಯ ತಂಡ ಕಟ್ಟೋಣ ಎಂಬುದೇ ಆ ಯೋಜನೆ. ಸಂಸ್ಥೆ ಒಪ್ಪಿತು. 1963ರಲ್ಲಿ ಹುಡುಗರು ವ್ಯಾಂಕೂವರ್‌ಗೆ ಬಂದು ಸೇರಿದರು. ಅವರಲ್ಲಿ ಕೆಲವರಿಗೆ ವೃತ್ತಿಪರ ತಂಡಗಳ ಕರೆಯಿತ್ತು. ಹೆಸರಾಂತ ಕ್ರೀಡಾ ಮನೆತನದ ಬ್ರಯಾನ್ ಕೊನಾಕರ್ ಅಂಥವರಲ್ಲಿ ಒಬ್ಬರು. ಸೇಂಟ್ ಮೈಕಲ್ಸ್‌ನಲ್ಲಿ ಅವರ ಕೈಕೆಳಗೆ ಕಪ್ ಗೆದ್ದಿದ್ದ ಟೆರಿ ಒಮಾಲಿ, ಬ್ಯಾರಿ ಮೆಕೆಂಜಿ ಕೂಡ ಬಂದರು. ಗೋಲಿಗೆ 1961ರ ವಿಶ್ವ ಚಾಂಪಿಯನ್ ತಂಡದ ಅನುಭವಿ ಸೆತ್ ಮಾರ್ಟಿನ್. ಹಣ ಕಡಿಮೆ, ಸೌಕರ್ಯ ಕಡಿಮೆ. ಒಲಿಂಪಿಕ್ಸ್‌ಗೆ ಉಳಿದದ್ದು ಕೆಲವೇ ತಿಂಗಳು.

ಇನ್ಸ್‌ಬ್ರುಕ್‌ನಲ್ಲಿ ಬಿದ್ದ ಏಟು

1964ರ ಚಳಿಗಾಲದ ಒಲಿಂಪಿಕ್ಸ್ ನಡೆದದ್ದು ಆಸ್ಟ್ರಿಯದ ಇನ್ಸ್‌ಬ್ರುಕ್ ನಗರದಲ್ಲಿ. ಕೆನಡಾದ ಹುಡುಗರು ಸ್ವಿಟ್ಜರ್ಲೆಂಡನ್ನು 8-0ರಿಂದ ಸೋಲಿಸಿದರು. ನಂತರ ಬಲಿಷ್ಠ ಸ್ವೀಡನ್ ಎದುರಾಯಿತು. ಆ ಪಂದ್ಯದಲ್ಲಿ ನಡೆದ ಘಟನೆಯಿಂದಲೇ ಫಾದರ್ ಬಾವರ್ ಹೆಸರು ಜಗತ್ತಿಗೆ ತಿಳಿದದ್ದು.

ಆಟದ ನಡುವೆ ಸ್ವೀಡನ್‌ನ ಕಾರ್ಲ್ ಗೋರನ್ ಓಬರ್ಗ್ ಎಂಬ ಆಟಗಾರನ ಕೈಯ ಕೋಲು ಕೆನಡಾದ ಬೆಂಚಿನತ್ತ ಬಂದು ಅಲ್ಲಿ ನಿಂತಿದ್ದ ಫಾದರ್ ಬಾವರ್ ಅವರ ತಲೆಗೆ ಬಡಿಯಿತು. ರಕ್ತ ಸುರಿಯಿತು. ತಮ್ಮ ಗುರುವಿನ ಮುಖದ ಮೇಲೆ ರಕ್ತ ಕಂಡ ಹುಡುಗರು ಬೆಂಚಿನಿಂದ ಎದ್ದುಬಿಟ್ಟರು. ಹಾಕಿಯಲ್ಲಿ ಇಂಥ ಹೊತ್ತಿನಲ್ಲಿ ಏನಾಗುತ್ತದೆಂದು ಆ ಆಟ ಬಲ್ಲವರಿಗೆಲ್ಲ ಗೊತ್ತು. ಎರಡೂ ತಂಡಗಳು ಹೊಡೆದಾಟಕ್ಕೆ ಇಳಿಯುತ್ತವೆ. ಫಾದರ್ ಬಾವರ್ ರಕ್ತ ಒರೆಸಿಕೊಳ್ಳುತ್ತಲೇ ಹುಡುಗರನ್ನು ಹಿಡಿದು ನಿಲ್ಲಿಸಿದರು. ಒಬ್ಬನೂ ಕದಲಬಾರದು, ಸೇಡು ತೀರಿಸಬಾರದು ಎಂದು ಕಟ್ಟಪ್ಪಣೆ ಮಾಡಿದರು. ಯಾರೂ ಕದಲಲಿಲ್ಲ. ಕೆನಡಾ ಆ ಪಂದ್ಯವನ್ನು 3-1ರಿಂದ ಗೆದ್ದಿತು.

ಇದು ಧರ್ಮಗುರುವಿನ ಕ್ಷಮೆ ಎಂದು ಮಾತ್ರ ಹೇಳಿದರೆ ಅರ್ಧ ಹೇಳಿದಂತೆ. ಇದರಲ್ಲಿ ತರಬೇತುದಾರನ ವಿವೇಕವೂ ಇತ್ತು. ಅಂದು ಒಬ್ಬ ಹುಡುಗ ಕೋಲು ಎತ್ತಿದ್ದರೆ ಅವನು ಹೊರಗೆ ಹೋಗುತ್ತಿದ್ದ, ಉಳಿದವರು ಒಬ್ಬ ಕಡಿಮೆಯಾಗಿ ಸ್ವೀಡನ್‌ನಂಥ ತಂಡವನ್ನು ತಡೆಯಬೇಕಾಗುತ್ತಿತ್ತು. ಗುರುವಿನ ಮೇಲಿನ ಪ್ರೀತಿಯನ್ನು ಹುಡುಗರು ಕೈ ಎತ್ತದೆ ತೋರಿಸಬೇಕಾಗಿತ್ತು. ಅದು ಕಷ್ಟದ ಕೆಲಸ, ಅವರು ಮಾಡಿದರು.

ಓಬರ್ಗ್‌ಗೆ ಒಂದು ಪಂದ್ಯದ ನಿಷೇಧವಾಯಿತು. ಫಾದರ್ ಬಾವರ್ ಅವರನ್ನು ಕರೆದು, ಸೋವಿಯತ್ ಮತ್ತು ಚೆಕೊಸ್ಲೊವಾಕಿಯ ನಡುವಿನ ಪಂದ್ಯ ನೋಡಲು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು. ತಲೆಗೆ ಏಟು ತಿಂದವರೂ ಏಟಿಗೆ ಕಾರಣನಾದವನೂ ಒಟ್ಟಿಗೆ ಕುಳಿತು ಆಟ ನೋಡಿದ್ದನ್ನು ಕಂಡು ಜನ ಬೆರಗಾದರು. ಅವರ ಸಂಯಮವನ್ನು ಗುರುತಿಸಿ ಫಾದರ್ ಬಾವರ್‌ಗೆ ವಿಶೇಷ ಚಿನ್ನದ ಪದಕ ನೀಡಲಾಯಿತು.

ಕಾದರೂ ಸಿಗದ ಪದಕ

ಈ ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಮುಂದೆ ನಡೆದದ್ದನ್ನೂ ನಾವು ಹೇಳಲೇಬೇಕು.

ಅಮೆರಿಕ, ಫಿನ್ಲೆಂಡ್, ಜರ್ಮನಿ ತಂಡಗಳನ್ನೂ ಕೆನಡಾ ಸೋಲಿಸಿತು. ಚೆಕೊಸ್ಲೊವಾಕಿಯ ವಿರುದ್ಧ ಕೊನೆಯ ಅವಧಿಯವರೆಗೂ ಕೆನಡಾ 1-0ರಿಂದ ಮುಂದಿತ್ತು. ಆಗ ಗೋಲ್‌ಕೀಪರ್ ಮಾರ್ಟಿನ್ ಗಾಯಗೊಂಡು ಹೊರಗೆ ಹೋಗಬೇಕಾಯಿತು. ಎದುರಾಳಿಗಳು ಮೂರು ಗೋಲು ಹೊಡೆದರು. ಉಳಿದದ್ದು ಸೋವಿಯತ್ ವಿರುದ್ಧದ ಕೊನೆಯ ಪಂದ್ಯ. ಗೆದ್ದರೆ ಪದಕ ಖಚಿತ. ಕೆನಡಾ ಎರಡು ಸಲ ಮುನ್ನಡೆದು ಕೊನೆಗೆ 3-2ರಿಂದ ಸೋತಿತು.

ಆ ಒಲಿಂಪಿಕ್ಸ್‌ನಲ್ಲಿ ಸೋವಿಯತ್ ತಂಡ ಏಳು ಪಂದ್ಯಗಳಲ್ಲಿ 54 ಗೋಲು ಹೊಡೆಯಿತು. ಚೆಕೊಸ್ಲೊವಾಕಿಯಕ್ಕೆ ಏಳು, ಸ್ವೀಡನ್‌ಗೆ ನಾಲ್ಕು, ಬೇರೊಂದು ತಂಡಕ್ಕೆ ಹದಿನೈದು. ಅವರಿಗೆ ಎಲ್ಲಕ್ಕಿಂತ ಕಡಿಮೆ ಗೋಲು ಬಿಟ್ಟುಕೊಟ್ಟದ್ದು ಕೆನಡಾದ ಈ ವಿದ್ಯಾರ್ಥಿಗಳೇ, ಬರೀ ಮೂರು.

ಎಲ್ಲ ಮುಗಿದಾಗ ಸ್ವೀಡನ್, ಚೆಕೊಸ್ಲೊವಾಕಿಯ, ಕೆನಡಾ ಮೂರಕ್ಕೂ ತಲಾ 10 ಅಂಕ. ಈ ಮೂರು ತಂಡಗಳ ನಡುವಿನ ಪಂದ್ಯಗಳನ್ನು ಮಾತ್ರ ಲೆಕ್ಕ ಹಿಡಿದಿದ್ದರೆ ಕೆನಡಾ ಚೆಕೊಸ್ಲೊವಾಕಿಯಕ್ಕಿಂತ ಮೇಲೆ ಬಂದು ಕಂಚು ಪಡೆಯುತ್ತಿತ್ತು. ಆಟಗಾರರೂ ಹಾಗೆಯೇ ನಂಬಿದ್ದರು. ಆದರೆ ಲೆಕ್ಕ ಹಿಡಿದದ್ದು ಏಳೂ ಪಂದ್ಯಗಳ ಗೋಲುಗಳ ಅಂತರವನ್ನು. ಚೆಕೊಸ್ಲೊವಾಕಿಯ 38 ಹೊಡೆದು 19 ಬಿಟ್ಟುಕೊಟ್ಟಿತ್ತು. ಕೆನಡಾ ಬಿಟ್ಟುಕೊಟ್ಟದ್ದು ಅದಕ್ಕಿಂತಲೂ ಕಡಿಮೆ, 17. ಆದರೆ ಹೊಡೆದದ್ದು 32. ಅಂತರ 19 ಮತ್ತು 15. ಕೆನಡಾ ನಾಲ್ಕನೇ ಸ್ಥಾನಕ್ಕೆ ಇಳಿಯಿತು. ದುರ್ಬಲ ತಂಡಗಳ ಮೇಲೆ ಇನ್ನಷ್ಟು ಗೋಲುಗಳನ್ನು ಪೇರಿಸಿದ್ದರೆ ಪದಕ ಬರುತ್ತಿತ್ತು. ಚೆನ್ನಾಗಿ ಕಾದವರಿಗೆ ಪದಕ ಸಿಗಲಿಲ್ಲ.

ಒಳ್ಳೆಯದನ್ನು ಮಾಡಿದರೆ ಒಳ್ಳೆಯ ಫಲ ಕೂಡಲೇ ಬರುತ್ತದೆ ಎಂದು ಮಕ್ಕಳಿಗೆ ಹೇಳಲು ನಮಗೆಲ್ಲ ಇಷ್ಟ. ಇನ್ಸ್‌ಬ್ರುಕ್ ಆ ಪಾಠವನ್ನು ಕಲಿಸುವುದಿಲ್ಲ. ಆ ಹುಡುಗರು ಬರಿಗೈಯಲ್ಲಿ ಮನೆಗೆ ಮರಳಿದರು. ಆದರೂ ಅವರಲ್ಲಿ ಹಲವರು ಮರುವರ್ಷವೂ ಇದೇ ತಂಡಕ್ಕೆ ಆಡಲು ಬಂದರು. ಒಬ್ಬ ಗುರುವಿನ ಕೆಲಸ ಸಾರ್ಥಕವಾಯಿತೇ ಎಂದು ತಿಳಿಯಲು ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಕಂಚು, ಮತ್ತು ಮುಚ್ಚಿದ ಬಾಗಿಲು

ಮುಂದೆ ತಂಡದ ನೆಲೆ ವಿನಿಪೆಗ್ ನಗರಕ್ಕೆ ಬದಲಾಯಿತು. ತರಬೇತಿಯ ಹೊಣೆಯನ್ನು ಜಾಕಿ ಮೆಕ್ಲಿಯಡ್ ವಹಿಸಿಕೊಂಡರು. ಫಾದರ್ ಬಾವರ್ ಮೇಲ್ವಿಚಾರಣೆಯಲ್ಲಿ ಉಳಿದರು. 1966 ಮತ್ತು 1967ರ ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಕಂಚು ಬಂತು. 1967ರ ತಂಡದಲ್ಲಿ ಕಾರ್ಲ್ ಬ್ರೂವರ್ ಇದ್ದರು. ಮೇಪಲ್ ಲೀಫ್ಸ್ ಪರವಾಗಿ ಮೂರು ಸ್ಟಾನ್ಲಿ ಕಪ್ ಗೆದ್ದಿದ್ದ ಈ ಪ್ರಸಿದ್ಧ ರಕ್ಷಣಾ ಆಟಗಾರ ವೃತ್ತಿಪರ ಲೀಗನ್ನು ಬಿಟ್ಟು, ಹವ್ಯಾಸಿ ಮಾನ್ಯತೆಗಾಗಿ ಹೋರಾಡಿ ಪಡೆದು, ಈ ವಿದ್ಯಾರ್ಥಿಗಳ ಜೊತೆ ಆಡಲು ಬಂದಿದ್ದರು. 1968ರ ಗ್ರೆನೋಬಲ್ ಒಲಿಂಪಿಕ್ಸ್‌ನಲ್ಲಿ ಕೆನಡಾ ಚೆಕೊಸ್ಲೊವಾಕಿಯವನ್ನು 3-2ರಿಂದ ಸೋಲಿಸಿ ಕಂಚು ಪಡೆಯಿತು. ನಾಲ್ಕು ವರ್ಷ ಹಿಂದೆ ಕೈತಪ್ಪಿದ್ದು ಈ ಸಲ ಸಿಕ್ಕಿತು.

ಚಿನ್ನ ಮಾತ್ರ ಬರಲೇ ಇಲ್ಲ. ಹವ್ಯಾಸಿ ಹುಡುಗರಿಂದ ಸೋವಿಯತ್ ತಂಡವನ್ನು ಗೆಲ್ಲಲಾಗದು ಎಂದು ಟೀಕೆಗಳು ಬಂದವು. ಆ ಮಾತಿನಲ್ಲಿ ಸತ್ಯವಿತ್ತು. ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ವೃತ್ತಿಪರರಿಗೆ ಅವಕಾಶ ಕೊಡುವ ವಿಷಯದಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯೊಂದಿಗೆ ಜಗಳವಾಗಿ, 1970ರಲ್ಲಿ ಕೆನಡಾ ಆ ಸ್ಪರ್ಧೆಗಳಿಂದಲೇ ಹೊರಬಂತು. ಫಾದರ್ ಬಾವರ್ ಕಟ್ಟಿದ ತಂಡ ಚದುರಿತು. 1972 ಮತ್ತು 1976ರ ಒಲಿಂಪಿಕ್ಸ್‌ನಲ್ಲಿ ಹಾಕಿಯ ತವರಾದ ಕೆನಡಾಕ್ಕೆ ಹಾಕಿ ತಂಡವೇ ಇರಲಿಲ್ಲ.

ಗುರುಗಳು ತಮ್ಮ ಪಾಠ, ಪೂಜೆಗಳಿಗೆ ಮರಳಿದರು. ಜಪಾನ್ ಮತ್ತು ಆಸ್ಟ್ರಿಯದಲ್ಲಿ ಈ ಆಟ ಕಲಿಯುವವರಿಗೂ ನೆರವಾದರು. 1980ರ ಲೇಕ್ ಪ್ಲಾಸಿಡ್ ಒಲಿಂಪಿಕ್ಸ್‌ಗೆ ಕೆನಡಾ ಮತ್ತೆ ತಂಡ ಕಟ್ಟಲು ನಿಶ್ಚಯಿಸಿದಾಗ ಕರೆ ಹೋದದ್ದು ಅವರಿಗೇ. ಐವತ್ತೈದರ ವಯಸ್ಸಿನಲ್ಲಿ ಅವರು ಮತ್ತೆ ಆಡಳಿತದ ಹೊಣೆ ಹೊತ್ತರು. ತಂಡ ಆರನೇ ಸ್ಥಾನ ಪಡೆಯಿತು. ಆದರೆ ದೇಶಕ್ಕೆ ತನ್ನದೇ ತಂಡವಿರಬೇಕು ಎಂಬ ಅವರ ಆಸೆ ಮತ್ತೆ ಬೇರು ಬಿಟ್ಟಿತು.

1988ರ ನವೆಂಬರ್ 9ರಂದು, ಕ್ಯಾನ್ಸರ್‌ನಿಂದ ಬಳಲಿ, 64ರ ವಯಸ್ಸಿನಲ್ಲಿ ಅವರು ದೈವಾಧೀನರಾದರು. ಕೆನಡಾ ಸರ್ಕಾರ 1967ರಲ್ಲೇ ಆರ್ಡರ್ ಆಫ್ ಕೆನಡಾ ನೀಡಿ ಗೌರವಿಸಿತ್ತು. ನಿಧನದ ಮರುವರ್ಷ, 1989ರಲ್ಲಿ, ಹಾಕಿ ಹಾಲ್ ಆಫ್ ಫೇಮ್‌ನಲ್ಲಿ ಅವರ ಹೆಸರು ಸೇರಿತು. ಕ್ಯಾಲ್ಗರಿ ನಗರದ ಒಂದು ಹಾಕಿ ಅಂಗಣಕ್ಕೆ ಅವರ ಹೆಸರಿಟ್ಟಿದ್ದಾರೆ.

ನಮಗೇನು?

ನಮ್ಮ ಊರಿನಲ್ಲಿ ಮಂಜುಗಡ್ಡೆ ಬೀಳುವುದಿಲ್ಲ. ಆದರೆ ಫಾದರ್ ಬಾವರ್ ಕೇಳಿದ ಪ್ರಶ್ನೆ ನಮ್ಮ ಧರ್ಮಕೇಂದ್ರಗಳಲ್ಲಿಯೂ ಇದೆ. ಎಲ್ಲ ಕಡೆ ಒಬ್ಬಿಬ್ಬರು ತಾರೆಗಳಿರುತ್ತಾರೆ. ಚೆನ್ನಾಗಿ ಹಾಡುವವರು, ಚೆನ್ನಾಗಿ ಮಾತನಾಡುವವರು, ಯುವಜನ ಸಂಘಟನೆಯ ಕಾರ್ಯಕ್ರಮವನ್ನು ಒಬ್ಬರೇ ನಡೆಸಬಲ್ಲವರು. ಹಬ್ಬದ ದಿನ ವೇದಿಕೆಯಲ್ಲಿ ಅವರು ಎದ್ದು ಕಾಣುತ್ತಾರೆ, ಕಾಣಲಿ. ಹಬ್ಬ ಮುಗಿದ ಮೇಲೆ ಕುರ್ಚಿ ಎತ್ತಿಡುವಾಗ, ಲೆಕ್ಕ ಒಪ್ಪಿಸುವಾಗ, ವಾಳೆಯ ಸಭೆಯಲ್ಲಿ ಯಾರೋ ಸಿಟ್ಟಿನ ಮಾತಾಡಿದಾಗ ಅವರು ಎಲ್ಲಿರುತ್ತಾರೆ? ಈ ಪ್ರಶ್ನೆಯನ್ನು ಧರ್ಮಗುರುಗಳಾದ ನಾವೂ ನಮಗೇ ಕೇಳಿಕೊಳ್ಳಬೇಕು. ಬಲಿಪೀಠದ ಮುಂದೆ ನಿಲ್ಲುವುದು ನಮಗೆ ಸುಲಭ. ಬೇರೆಯವರು ಮಾಡಿದ ತಪ್ಪನ್ನು ಸರಿಪಡಿಸಲು ಸದ್ದಿಲ್ಲದೆ ಹಿಂದಕ್ಕೆ ಓಡಿ ಬರುವುದು ಅಷ್ಟು ಸುಲಭವಲ್ಲ.

ಸಾಮರ್ಥ್ಯ ಕಡಿಮೆಯಿರುವವನು ಗೋಲು ಕಾಯಲು ಹಿಂದೆ ಬಂದರೆ ಅದು ಅವನ ಕೆಲಸ. ಸಾಮರ್ಥ್ಯ ಹೆಚ್ಚಿರುವವನು ಬಂದರೆ ಇಡೀ ತಂಡ ಅವನನ್ನು ನೋಡಿ ಹಿಂದೆ ಬರುತ್ತದೆ. ಕಿಯಾನ್‌ನಂಥ ಹುಡುಗನಿಗೆ ಫಾದರ್ ಬಾವರ್ ಕಾಯುವ ಪಾಠ ಕಲಿಸಿದ್ದು ಅದಕ್ಕಾಗಿಯೇ. ಈ ಮಳೆಗಾಲ ಮುಗಿದು ನಮ್ಮ ಧರ್ಮಕೇಂದ್ರಗಳ ಮೈದಾನಗಳಲ್ಲಿ ಪಂದ್ಯಾಟಗಳು ಶುರುವಾದಾಗ, ಗೋಲು ಹೊಡೆದವನಿಗೆ ಒಂದು ಕಪ್ ಇಟ್ಟಂತೆ, ಹಿಂದಕ್ಕೆ ಓಡಿ ಬಂದವನಿಗೂ ಒಂದು ಸಣ್ಣ ಕಪ್ ಇಟ್ಟರೆ ಹೇಗೆ? ಯುವಜನರನ್ನು ನಡೆಸುವವರು ಯೋಚಿಸಲಿ ಎಂದು ನಾವು ಕೇಳಿಕೊಳ್ಳುತ್ತೇವೆ.